ಗೋಡೆಯ ಮೇಲಿನ ಚಿತ್ರ ಸಾಕು, ನಕ್ಷೆಯ ಮೇಲೆ ಸಹಿ ಬೇಕು: ನಗರ ಕಟ್ಟುವವರಿಗೆ ಒಂದು ಬಹಿರಂಗ ಪತ್ರ

ನಗರ ಯೋಜನಾ ಪ್ರಾಧಿಕಾರಗಳ ಮುಖ್ಯಸ್ಥರಿಗೆ, ಆರ್ಕಿಟೆಕ್ಟ್‌ಗಳಿಗೆ, ವಾಸ್ತುಶಿಲ್ಪ ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ,

ನಮಸ್ಕಾರ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2015ರಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟಡ ಎದ್ದಿತು. ಮೂವತ್ತಕ್ಕೂ ಜಾಸ್ತಿ ಮಹಡಿ. ಹತ್ತಿರದಿಂದ ನೋಡಿದರೆ ಅಂಕುಡೊಂಕಾದ ಬಿಳಿ ಬಾಲ್ಕನಿಗಳು, ಅಷ್ಟೇ. ದೂರ ಹೋಗಿ ನಿಂತರೆ ಆ ಬಾಲ್ಕನಿಗಳೆಲ್ಲ ಸೇರಿ ಒಂದು ಮುಖವಾಗುತ್ತವೆ. ಅದು ವಿಲಿಯಂ ಬರಾಕ್ ಅವರ ಮುಖ. ಬರಾಕ್ ಆ ನೆಲದ ಮೂಲನಿವಾಸಿಗಳಾದ ವುರುಂಡ್ಜೆರಿ ಜನರ ಹಿರಿಯರು, 1903ರಲ್ಲಿ ತೀರಿಕೊಂಡರು. ಕೊರಾಂಡರ್ಕ್ ಎಂಬ ಜಾಗ ತನ್ನ ಜನರ ಕೈತಪ್ಪಬಾರದು ಎಂದು ಜೀವನವಿಡೀ ಹೋರಾಡಿದವರು. ಸರ್ಕಾರಕ್ಕೆ ಅಹವಾಲು ಹೇಳಲು ಅಲ್ಲಿಂದ ಮೆಲ್ಬರ್ನ್‌ವರೆಗೂ ನಡೆದು ಬಂದವರು.

ನೆಲಕ್ಕಾಗಿ ಹೋರಾಡಿದ ಮನುಷ್ಯನ ಮುಖ ಈಗ ಮಾರಾಟದ ಫ್ಲಾಟುಗಳ ಮೇಲಿದೆ. ಒಳಗಿನ ಮನೆಗಳಿಗೂ ಅವರ ಜನರಿಗೂ ಏನು ಸಂಬಂಧ ಎಂದು ಅಲ್ಲಿನ ಅನೇಕರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಹಾಗಂತ ಆ ವಿನ್ಯಾಸಕಾರರು ಕೆಟ್ಟ ಉದ್ದೇಶದವರು ಎಂದು ನಾನು ಹೇಳುತ್ತಿಲ್ಲ. ವುರುಂಡ್ಜೆರಿ ಹಿರಿಯರನ್ನು ಕೇಳದೆ ಮಾಡಿದ ಕೆಲಸವೂ ಅಲ್ಲ ಅದು. ಆದರೆ ಕೇಳಿದ್ದು ಮುಖದ ಬಗ್ಗೆ. ಆ ಜಾಗದಲ್ಲಿ ಏನು ಬರಬೇಕು, ಯಾರು ವಾಸಿಸಬೇಕು, ಬಂದ ಹಣ ಯಾರಿಗೆ ಹೋಗಬೇಕು ಅನ್ನುವುದೆಲ್ಲ ಅಷ್ಟು ಹೊತ್ತಿಗೆ ತೀರ್ಮಾನವಾಗಿತ್ತು.

ನನ್ನ ದೂರು ಇಷ್ಟೇ. ಮೂಲನಿವಾಸಿಗಳ ದೃಷ್ಟಿಕೋನ ತರುತ್ತೇವೆ ಎಂದು ನೀವು ಹೇಳುವಾಗ ಬಹಳ ಸಲ ಅವರನ್ನು ಕರೆಯುವುದು ಕೊನೆಗೆ. ನೆಲದ ಟೈಲ್ಸಿಗೆ ಯಾವ ವಿನ್ಯಾಸ, ಲಾಬಿಯಲ್ಲಿ ಯಾವ ಕೆತ್ತನೆ, ಸಭಾಂಗಣಕ್ಕೆ ಯಾವ ಹೆಸರು ಎಂದು ಕೇಳಲು. ಕಟ್ಟಡದ ಜಾಗ, ಎತ್ತರ, ಉಪಯೋಗ, ಬಜೆಟ್ ಎಲ್ಲ ಮುಗಿದಿರುತ್ತದೆ. ನಾನೂ ಇದೇ ವೃತ್ತಿಯವನು. ಇಂಥ ಸಭೆಗಳು ಹೇಗೆ ನಡೆಯುತ್ತವೆ ಎಂದು ಗೊತ್ತು. ಚಹಾ ಬರುತ್ತದೆ, ಫೋಟೋ ತೆಗೆಯುತ್ತಾರೆ, ವರದಿಯಲ್ಲಿ ‘ಸಮುದಾಯದೊಂದಿಗೆ ಸಮಾಲೋಚನೆ ನಡೆಸಲಾಯಿತು’ ಎಂದು ಒಂದು ಸಾಲು ಸೇರುತ್ತದೆ. ಬಂದವರಲ್ಲಿ ಯಾರಾದರೂ ‘ಈ ಕಟ್ಟಡ ಇಲ್ಲಿ ಬೇಡ’ ಅಂದರೆ ಏನು ಮಾಡಬೇಕು ಎಂದು ಆ ಸಭೆ ಕರೆದವರಿಗೇ ಗೊತ್ತಿರುವುದಿಲ್ಲ.

ಹಾಗಾದರೆ ತೀರ್ಮಾನ ಅವರ ಕೈಯಲ್ಲೇ ಇದ್ದರೆ ಏನಾಗುತ್ತದೆ? ಕೆನಡಾದ ವ್ಯಾಂಕೂವರ್‌ನಲ್ಲಿ ಇದಕ್ಕೆ ಒಂದು ಉತ್ತರ ಕಟ್ಟಡಗಳ ರೂಪದಲ್ಲೇ ಏಳುತ್ತಿದೆ.

ಅಲ್ಲಿ ಬರಾರ್ಡ್ ಸೇತುವೆಯ ಬುಡದಲ್ಲಿ ಸೆನಾಕ್ವ್ ಎಂಬ ಊರಿತ್ತು. ಸ್ಕ್ವಾಮಿಷ್ ಎಂಬ ಮೂಲನಿವಾಸಿ ಜನರ ಊರು. 1913ರಲ್ಲಿ ಪ್ರಾಂತ್ಯದ ಸರ್ಕಾರ ಅವರ ಮೇಲೆ ಒತ್ತಡ ಹಾಕಿ, ಒಂದಿಷ್ಟು ಹಣ ಕೊಟ್ಟು, ದೋಣಿಗೆ ಹತ್ತಿಸಿ ಕಳಿಸಿತು. ಮನೆಗಳನ್ನು ಸುಟ್ಟರು. ದೀರ್ಘ ಕೋರ್ಟು ವ್ಯಾಜ್ಯದ ನಂತರ 2003ರ ಹೊತ್ತಿಗೆ ಅದರಲ್ಲಿ ಸುಮಾರು ಹತ್ತೂವರೆ ಎಕರೆ ಮಾತ್ರ ವಾಪಸ್ ಸಿಕ್ಕಿತು. ಅದೂ ರೈಲ್ವೆಗೆಂದು ಹಿಂದೆ ತೆಗೆದುಕೊಂಡಿದ್ದ ಸೊಟ್ಟ ಪಟ್ಟಿಯಂಥ ಜಾಗ. ಸ್ಕ್ವಾಮಿಷ್ ಜನ ಅಲ್ಲಿ ಏನು ಕಟ್ಟಬೇಕು ಎಂದು ತಾವೇ ಮತ ಹಾಕಿ ತೀರ್ಮಾನಿಸಿದರು. 2019ರ ಆ ಮತದಾನದಲ್ಲಿ ಭಾರಿ ಬಹುಮತ ಸಿಕ್ಕಿತು. 2022ರಲ್ಲಿ ಕೆಲಸ ಶುರುವಾಯಿತು. ಹನ್ನೊಂದು ಗೋಪುರ, ಸುಮಾರು ಆರು ಸಾವಿರ ಮನೆ, ಹೆಚ್ಚಿನವು ಬಾಡಿಗೆಗೆ. ಆ ನೆಲ ಅವರ ಮೀಸಲು ಭೂಮಿಯಾದ್ದರಿಂದ ವ್ಯಾಂಕೂವರ್ ಪಾಲಿಕೆಯ ವಲಯ ನಿಯಮಗಳು ಅಲ್ಲಿ ನಡೆಯುವುದಿಲ್ಲ. ಸುತ್ತಮುತ್ತಲ ಬೀದಿಗಳಲ್ಲಿ ಮಹಡಿ ಏರಿಸಲು ಇದ್ದ ಅಡ್ಡಿ ಇವರಿಗೆ ಇರಲಿಲ್ಲ. ಕಾರು ನಿಲ್ಲಿಸುವ ಜಾಗವನ್ನು ಬಹಳ ಕಡಿಮೆ ಇಟ್ಟರು. ಬಾಡಿಗೆ ಮನೆ ಸಿಗದೆ ಒದ್ದಾಡುವ ನಗರದಲ್ಲಿ ಆರು ಸಾವಿರ ಮನೆ ಅಂದರೆ ಸಣ್ಣ ಮಾತಲ್ಲ. ಕೆನಡಾದ ಕೇಂದ್ರ ಸರ್ಕಾರವೇ ಇದಕ್ಕೆ 140 ಕೋಟಿ ಡಾಲರ್ ಸಾಲ ಕೊಟ್ಟಿತು.

ಆಗ ಅಕ್ಕಪಕ್ಕದ ಕೆಲವರು ಏನಂದರು ಗೊತ್ತೇ? ಇಷ್ಟು ಎತ್ತರದ, ಇಷ್ಟು ಒತ್ತೊತ್ತಾದ ಕಟ್ಟಡಗಳು ‘ಮೂಲನಿವಾಸಿಗಳ ರೀತಿಯದಲ್ಲ’ ಅಂದರು! ಅವರ ಮನಸ್ಸಿನಲ್ಲಿ ಮೂಲನಿವಾಸಿ ಕಟ್ಟಡ ಅಂದರೆ ಮರದ ತೊಲೆ, ತಗ್ಗು ಸೂರು, ಮುಂದೆ ಹುಲ್ಲು. ಕೆಲವರು ಪಾಲಿಕೆ ಮತ್ತು ಸ್ಕ್ವಾಮಿಷ್ ನಡುವಿನ ನೀರು-ಚರಂಡಿ ಸೇವೆಯ ಒಪ್ಪಂದವನ್ನು ಕೋರ್ಟಿಗೂ ಎಳೆದರು. ಗೆಲ್ಲಲಿಲ್ಲ.

ಈ ಆಕ್ಷೇಪ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಯಾಕಂದರೆ ನಮ್ಮ ವೃತ್ತಿಯ ಒಳಗಡೆಯೂ ಇದೇ ಯೋಚನೆ ಇದೆ, ಸ್ವಲ್ಪ ಮೃದುವಾಗಿ. ಮೂಲನಿವಾಸಿ ವಾಸ್ತುಶಿಲ್ಪ ಅಂದರೆ ಮಣ್ಣು, ಬಿದಿರು, ವೃತ್ತಾಕಾರ, ಗರಿ, ಆಮೆ ಎಂದು ನಾವು ಮೊದಲೇ ಬರೆದಿಟ್ಟುಕೊಂಡಿದ್ದೇವೆ. ಅವರು ಹಾಗೆ ಕಟ್ಟಿದರೆ ಶಹಬ್ಬಾಸ್ ಅನ್ನುತ್ತೇವೆ. ಕಾಂಕ್ರೀಟು, ಗಾಜು, ಬ್ಯಾಂಕ್ ಸಾಲ ಅಂತ ಹೊರಟರೆ ಮುಖ ಸಣ್ಣದು ಮಾಡುತ್ತೇವೆ. ಬೊಲಿವಿಯಾದ ಎಲ್ ಆಲ್ಟೊ ನಗರದಲ್ಲಿ ಐಮಾರಾ ಸಮುದಾಯದ ಫ್ರೆಡ್ಡಿ ಮಮಾನಿ ಕಟ್ಟಿದ ಬಣ್ಣಬಣ್ಣದ ಕಟ್ಟಡಗಳನ್ನು ನೋಡಿ. ಕೆಳಗೆ ಅಂಗಡಿ, ಅದರ ಮೇಲೆ ಮದುವೆ-ಹಬ್ಬಕ್ಕೆ ದೊಡ್ಡ ಹಾಲ್, ಮೇಲೆ ಬಾಡಿಗೆ ಮನೆ, ತುದಿಯಲ್ಲಿ ಮಾಲೀಕರ ಮನೆ. ಕಟ್ಟಿಸಿದವರು ಐಮಾರಾ ವ್ಯಾಪಾರಿಗಳು. ಓದಿದ ಆರ್ಕಿಟೆಕ್ಟ್‌ಗಳಲ್ಲಿ ಕೆಲವರು ಇದನ್ನು ಆಡಂಬರ ಎಂದು ಮೂಗು ಮುರಿದರು. ಆ ಬಣ್ಣ ನನ್ನ ಕಣ್ಣಿಗೂ ಸ್ವಲ್ಪ ಜಾಸ್ತಿಯೇ. ಆದರೆ ನನ್ನ ಕಣ್ಣಿಗಾಗಿ ಅದನ್ನು ಕಟ್ಟಿಲ್ಲವಲ್ಲ.

ಇನ್ನು ಮನೆಯ ಒಳಗೆ ಬರೋಣ. ಸರ್ಕಾರಿ ವಸತಿ ಯೋಜನೆಗಳನ್ನು ನೋಡಿಕೊಳ್ಳುವವರು ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ.

ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಅನಂಗು ಎಂಬ ಮೂಲನಿವಾಸಿ ಜನರಿದ್ದಾರೆ. 1985ರಲ್ಲಿ ಅವರ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಯಾಮಿ ಲೆಸ್ಟರ್. ಅವರು ಒಬ್ಬ ಆರ್ಕಿಟೆಕ್ಟ್, ಒಬ್ಬ ವೈದ್ಯ, ಒಬ್ಬ ಪರಿಸರ ಆರೋಗ್ಯ ತಜ್ಞ, ಈ ಮೂವರನ್ನು ಕರೆಸಿದರು. ಕೊಟ್ಟ ಕೆಲಸ ಒಂದೇ: ಜನ ಕಾಯಿಲೆ ಬೀಳುವುದನ್ನು ನಿಲ್ಲಿಸಬೇಕು. ಆ ಆರ್ಕಿಟೆಕ್ಟ್ ಪಾಲ್ ಫೊಲೆರೋಸ್. ಅವರ ತಂಡ ಮನೆಮನೆಗೆ ಹೋಗಿ ನಲ್ಲಿ, ಸ್ವಿಚ್ಚು, ಚರಂಡಿ, ಒಲೆ ಎಲ್ಲ ಪರೀಕ್ಷಿಸಿತು. ಮಕ್ಕಳಿಗೆ ದಿನಾ ಸ್ನಾನ ಮಾಡಿಸಬಹುದೇ, ಬಟ್ಟೆ ಒಗೆಯಬಹುದೇ, ಕೊಳೆ ನೀರು ಹೊರಗೆ ಹೋಗುತ್ತದೆಯೇ, ಅಡುಗೆ ಮಾಡಬಹುದೇ, ಹೀಗೆ ಒಂಬತ್ತು ವಿಷಯಗಳ ಪಟ್ಟಿ ಮಾಡಿಕೊಂಡರು. ಕೆಲಸ ಮುಂದೆ ಬೇರೆ ಸಮುದಾಯಗಳಿಗೂ ಹರಡಿತು. ಕೆಲಸ ಮಾಡುವ ಶವರ್ ಸಿಕ್ಕಿದ್ದು ಮೂರರಲ್ಲಿ ಹೆಚ್ಚುಕಡಿಮೆ ಒಂದು ಮನೆಯಲ್ಲಿ.

ಅಲ್ಲಿಯವರೆಗೆ ಎಲ್ಲರ ಬಾಯಲ್ಲಿ ಇದ್ದದ್ದು ಒಂದೇ ಮಾತು. ‘ಒಳ್ಳೆ ಮನೆ ಕಟ್ಟಿಕೊಟ್ಟರೂ ಇವರು ಹಾಳು ಮಾಡುತ್ತಾರೆ.’ ತಂಡ ಒಂದೊಂದು ದುರಸ್ತಿಗೂ ಕಾರಣ ಬರೆದಿಟ್ಟಿತು. ವಾಸಿಸುವವರ ಕೈಯಿಂದ ಹಾಳಾದದ್ದು ಶೇಕಡ ಹತ್ತಕ್ಕಿಂತ ಕಡಿಮೆ! ಉಳಿದದ್ದೆಲ್ಲ ಯಾರೂ ನಿರ್ವಹಣೆ ಮಾಡದ್ದರಿಂದ, ಇಲ್ಲವೇ ಗುತ್ತಿಗೆದಾರರು ಕಟ್ಟುವಾಗಲೇ ತಪ್ಪಾಗಿ ಕಟ್ಟಿದ್ದರಿಂದ. ಒಂದು ಇಡೀ ಜನರ ಮೇಲೆ ಹೊರಿಸಿದ್ದ ಆರೋಪ ಒಂದು ಲೆಕ್ಕದ ಪುಸ್ತಕದಿಂದ ಬಿದ್ದುಹೋಯಿತು.

ಈ ತಂಡ ಇಟ್ಟುಕೊಂಡ ಒಂದು ನಿಯಮ ನನಗೆ ಎಲ್ಲಕ್ಕಿಂತ ಇಷ್ಟ. ಮನೆ ಪರೀಕ್ಷೆ ಮಾಡಲು ಹೋದರೆ ಅವತ್ತೇ ದುರಸ್ತಿಯೂ ಶುರುವಾಗಬೇಕು. ಸುಮ್ನೆ ಸಮೀಕ್ಷೆ ಮಾಡಿ ಹೋಗುವ ಹಾಗಿಲ್ಲ. ತಂಡದಲ್ಲಿ ಹೆಚ್ಚಿನವರು ಆಯಾ ಊರಿನ ಜನರೇ. ಮೂಲನಿವಾಸಿಗಳನ್ನು ಅಧ್ಯಯನ ಮಾಡಲು ಹೋಗುವ ಪ್ರತಿಯೊಂದು ಕಾಲೇಜೂ ಈ ನಿಯಮವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ನಲ್ಲಿ ಸರಿ ಇದ್ದರೆ ಸಾಲದು, ಪ್ಲಾನೂ ಸರಿ ಇರಬೇಕು. ಆಸ್ಟ್ರೇಲಿಯಾದ ಅನೇಕ ಸಮುದಾಯಗಳಲ್ಲಿ ಅತ್ತೆ-ಅಳಿಯ ಎದುರುಬದುರು ಆಗಬಾರದು ಎಂಬ ಕಟ್ಟುನಿಟ್ಟಿನ ರೂಢಿ ಇದೆ. ಒಂದೇ ಬಾಗಿಲು, ನಡುವೆ ಒಂದೇ ಹಾಲ್ ಇರುವ ಸರ್ಕಾರಿ ಮನೆಯಲ್ಲಿ ಅವರಿಬ್ಬರೂ ಹೇಗೆ ಇರಬೇಕು? ಎರಡು ಬಾಗಿಲು ಇಟ್ಟಿದ್ದರೆ ಮುಗಿಯುತ್ತಿತ್ತು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಕೆಲವು ಕಾಲ ಆ ಮನೆ ಬಿಟ್ಟು ಬೇರೆ ಕಡೆ ಹೋಗಿ ಇರುವ ಪದ್ಧತಿ ಹಲವು ಕಡೆ ಇದೆ. ‘ಮನೆ ಖಾಲಿ ಬಿಟ್ಟಿದ್ದಾರೆ, ಇವರಿಗೆ ಮನೆ ಬೇಕಿಲ್ಲ’ ಎಂದು ವರದಿ ಬರೆಯುವ ಅಧಿಕಾರಿಗೆ ಅದು ಹೇಗೆ ತಿಳಿಯಬೇಕು? ಹೊರಗೆ ಮಲಗುವುದು, ಅಂಗಳದಲ್ಲಿ ಅಡುಗೆ, ಬರುವವರನ್ನು ದೂರದಿಂದಲೇ ಕಾಣುವ ಹಾಗೆ ಕೂರುವ ಜಾಗ, ನೆಂಟರು ಬಂದರೆ ತಿಂಗಳುಗಟ್ಟಲೆ ಇರುವುದು, ಇದೆಲ್ಲ ಪ್ಲಾನಿನ ವಿಷಯ. ಆರ್ಕಿಟೆಕ್ಟ್ ಗ್ಲೆನ್ ಮರ್ಕಟ್ 1994ರಲ್ಲಿ ಉತ್ತರ ಆಸ್ಟ್ರೇಲಿಯಾದ ಯಿರ್ಕಲಾದಲ್ಲಿ ಯೊಲ್ಂಗು ಎಂಬ ಮೂಲನಿವಾಸಿ ಜನರ ಒಂದು ಕುಟುಂಬದ ಜೊತೆ ಕೂತು ಚರ್ಚಿಸಿ ಮಾಡಿದ ಮನೆಯಲ್ಲಿ ಗಾಜೇ ಇಲ್ಲ. ತೆರೆದರೆ ಇಡೀ ಗೋಡೆಯೇ ಜಗಲಿಯಂತೆ ಬಯಲಾಗುವ ಹಲಗೆಗಳಿವೆ, ನೆಲದಿಂದ ಮೇಲಕ್ಕೆತ್ತಿ ಕಟ್ಟಿದ್ದಾರೆ, ಗಾಳಿ ಕೆಳಗಿಂದಲೂ ಓಡಾಡುತ್ತದೆ. ನೋಡಲು ಯಾವ ‘ಬುಡಕಟ್ಟು’ ಅಲಂಕಾರವೂ ಅದರ ಮೇಲಿಲ್ಲ.

‘ಇದೆಲ್ಲ ಹಳ್ಳಿಗಾಡಿನ ವಿಷಯ, ನಗರಕ್ಕೆ ಏನು ಸಂಬಂಧ’ ಎಂದು ನಿಮ್ಮಲ್ಲಿ ಕೆಲವರು ಈ ಹೊತ್ತಿಗೆ ಅಂದುಕೊಂಡಿರಬಹುದು. ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೋರಿಗಳಲ್ಲಿ ಹತ್ತರಲ್ಲಿ ಎಂಟು ಜನಕ್ಕಿಂತ ಹೆಚ್ಚು ಪಟ್ಟಣಗಳಲ್ಲಿದ್ದಾರೆ. ಕೆನಡಾದಲ್ಲೂ ಅರ್ಧಕ್ಕಿಂತ ಹೆಚ್ಚು ಮೂಲನಿವಾಸಿಗಳು ನಗರವಾಸಿಗಳೇ. ನಿಮ್ಮ ಆಸ್ಪತ್ರೆ, ಹಾಸ್ಟೆಲ್, ಕೋರ್ಟು, ಅಪಾರ್ಟ್‌ಮೆಂಟಿನಲ್ಲೇ ಅವರು ಬದುಕುತ್ತಿದ್ದಾರೆ. ಕೆನಡಾದ ಅನೇಕ ಸಮುದಾಯಗಳಲ್ಲಿ ಒಣಗಿದ ಸೇಜ್ ಸೊಪ್ಪು, ಸೀಡರ್ ಮರದ ಎಲೆ, ಸುವಾಸನೆಯ ಹುಲ್ಲು ಸುಟ್ಟು ಹೊಗೆ ಹಾಕಿಕೊಂಡು ಪ್ರಾರ್ಥಿಸುವ ಪದ್ಧತಿ ಇದೆ. ಸಾಯುತ್ತಿರುವ ಅಜ್ಜಿಯ ಪಕ್ಕದಲ್ಲಿ ಹಾಗೆ ಮಾಡಿದರೆ ಫೈರ್ ಅಲಾರಂ ಬಡಿದುಕೊಳ್ಳುತ್ತದೆ. ಪರಿಹಾರ ದೊಡ್ಡದೇನಲ್ಲ: ಬೇರೆ ಗಾಳಿ ವ್ಯವಸ್ಥೆ ಇರುವ ಒಂದು ಕೋಣೆ, ಹೊಗೆ ಪತ್ತೆ ಯಂತ್ರಕ್ಕೆ ಬೇರೆ ನಿಯಂತ್ರಣ. ಅಲ್ಲಿನ ಕೆಲವು ಆಸ್ಪತ್ರೆ, ವಿಶ್ವವಿದ್ಯಾಲಯಗಳು ಈಗ ಇಂಥ ಕೋಣೆ ಕಟ್ಟುತ್ತಿವೆ. ಆದರೆ ಈ ಮಾತು ಪ್ಲಾನ್ ಬರೆಯುವಾಗ ಬರಬೇಕು. ಕಟ್ಟಡ ಮುಗಿದ ಮೇಲೆ ಗಾಳಿಯ ಕೊಳವೆ ಬದಲಿಸುವ ಖರ್ಚು ಎಷ್ಟು ಎಂದು ನಿಮಗೇ ಗೊತ್ತು.

ನೆಲ-ನೀರಿನ ವಿಷಯಕ್ಕೆ ಬಂದರೆ ಮೆಕ್ಸಿಕೋ ಸಿಟಿಗಿಂತ ದೊಡ್ಡ ಪಾಠ ಇನ್ನೊಂದಿಲ್ಲ. ಟೆಕ್ಸ್‌ಕೊಕೊ ಸರೋವರದ ನಡುವೆ ಮೆಕ್ಸಿಕಾ (ಅಜ್ಟೆಕ್) ಜನ ಟೆನೋಚ್ಟಿಟ್ಲಾನ್ ನಗರ ಕಟ್ಟಿದ್ದರು. ಉಪ್ಪು ನೀರು, ಸಿಹಿ ನೀರು ಬೆರೆಯದಂತೆ ಮೈಲುಗಟ್ಟಲೆ ಒಡ್ಡು ಹಾಕಿದ್ದರು. ಕೆಸರು ಎತ್ತಿ ಹಾಕಿ ಮಾಡಿದ ಚಿನಾಂಪ ಎಂಬ ಮಡಿಗಳಲ್ಲಿ ನಗರಕ್ಕೆ ಬೇಕಾದ ಮೆಕ್ಕೆಜೋಳ, ತರಕಾರಿ ಬೆಳೆಯುತ್ತಿದ್ದರು. 1521ರಲ್ಲಿ ಸ್ಪೇನಿನವರು ಗೆದ್ದ ಮೇಲೆ ಆ ಒಡ್ಡುಗಳು ಹಾಳಾದವು. 1629ರಲ್ಲಿ ಬಂದ ಪ್ರವಾಹದ ನೀರು ಸುಮಾರು ಐದು ವರ್ಷ ಇಳಿಯಲೇ ಇಲ್ಲ. ಸರೋವರವನ್ನೇ ಬರಿದು ಮಾಡೋಣ ಎಂದು ಶತಮಾನಗಳ ಕಾಲ ಕಾಲುವೆ ತೋಡಿದರು. ಈಗ ಆ ನಗರ ಕುಡಿಯುವ ನೀರಿಗಾಗಿ ತನ್ನ ಅಡಿಯ ಅಂತರ್ಜಲವನ್ನೇ ಎತ್ತುತ್ತಿದೆ. ಒಣಗಿದ ಸರೋವರದ ಜೇಡಿಮಣ್ಣು ಕುಗ್ಗುತ್ತಿದೆ, ಕೆಲವು ಕಡೆ ನೆಲ ವರ್ಷಕ್ಕೆ ಸುಮಾರು ಅರ್ಧ ಮೀಟರ್ ಕುಸಿಯುತ್ತಿದೆ. ಮಳೆ ಬಂದರೆ ಪ್ರವಾಹ, ಬೇಸಿಗೆಯಲ್ಲಿ ನೀರಿಲ್ಲ. ಇಷ್ಟಾದ ಮೇಲೂ ಅದೇ ಸರೋವರದ ತಳದಲ್ಲಿ ವಿಶ್ವವಿಖ್ಯಾತ ಆರ್ಕಿಟೆಕ್ಟ್ ನಾರ್ಮನ್ ಫಾಸ್ಟರ್ ಅವರ ವಿನ್ಯಾಸದಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟಲು ಹೊರಟರು. ಅಟೆಂಕೊ ಕಡೆಯ ರೈತರು ವರ್ಷಗಟ್ಟಲೆ ವಿರೋಧಿಸಿದರು. ಕೊನೆಗೆ ಜನಾಭಿಪ್ರಾಯ ಕೇಳಿ 2018ರಲ್ಲಿ ಆ ಯೋಜನೆಯನ್ನು ಕೈಬಿಟ್ಟರು.

ಮೆಕ್ಸಿಕಾ ಜನ ಪ್ರಕೃತಿಯ ಮಡಿಲಲ್ಲಿ ಸುಮ್ಮನಿದ್ದ ಮುಗ್ಧರು ಎಂದು ನಾನು ಹೇಳುತ್ತಿಲ್ಲ. ಅವರದು ಸಾಮ್ರಾಜ್ಯ, ಯುದ್ಧ ಮಾಡಿದರು, ಕಪ್ಪ ವಸೂಲಿ ಮಾಡಿದರು. ಅವರು ಎಂಜಿನಿಯರುಗಳು ಅನ್ನುವುದೇ ನನ್ನ ಮಾತು. ನೀರು ಇದ್ದ ಜಾಗದಲ್ಲಿ ನೀರು ಇರುತ್ತದೆ ಎಂದು ಒಪ್ಪಿಕೊಂಡು ಲೆಕ್ಕ ಹಾಕಿದ ಎಂಜಿನಿಯರುಗಳು. ಹಾಗಿದ್ದೂ ನಮ್ಮ ಕಾಲೇಜುಗಳಲ್ಲಿ ಇದನ್ನು ಎಂಜಿನಿಯರಿಂಗ್ ಎಂದು ಕಲಿಸುವುದು ಅಪರೂಪ. ಆಸ್ಟ್ರೇಲಿಯಾದ ಬಜ್ ಬಿಮ್‌ನಲ್ಲಿ ಗುಂಡಿಚ್‌ಮಾರ ಜನ ಜ್ವಾಲಾಮುಖಿಯ ಕಲ್ಲುಗಳಿಂದ ಕಾಲುವೆ, ಒಡ್ಡು ಕಟ್ಟಿ ಹಾವುಮೀನು ಸಾಕಿದ್ದರು. ಅದಕ್ಕೆ 6,600 ವರ್ಷಗಳಷ್ಟು ಹಳೆಯ ಗುರುತುಗಳಿವೆ, ಗಿಜಾದ ಪಿರಮಿಡ್‌ಗಿಂತ ಎರಡು ಸಾವಿರ ವರ್ಷ ಹಳೆಯದು. 2019ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಇತಿಹಾಸದ ಪಾಠ ಶುರುವಾಗುವುದು ಮಾತ್ರ ಈಗಲೂ ಪಿರಮಿಡ್ಡಿನಿಂದಲೇ.

ಸರಿ, ಏನು ಮಾಡಬೇಕು?

ಒಂದು ಉದಾಹರಣೆ ನ್ಯೂಜಿಲೆಂಡ್‌ನದು. 2010-11ರ ಭೂಕಂಪಗಳಲ್ಲಿ ಕ್ರೈಸ್ಟ್‌ಚರ್ಚ್ ನಗರ ನೆಲಕಚ್ಚಿತು. ಮತ್ತೆ ಕಟ್ಟಲು 2011ರಲ್ಲಿ ಮಾಡಿದ ಕಾನೂನಿನಲ್ಲೇ ಅಲ್ಲಿನ ಮಾವೋರಿ ಬುಡಕಟ್ಟಾದ ನಾಯ್ ತಾಹು ಸಂಸ್ಥೆಯ ಹೆಸರು ಇತ್ತು. ಪುನರ್‌ನಿರ್ಮಾಣದ ಯೋಜನೆ ಮಾಡುವಾಗ ಅವರು ಭಾಗಿಯಾಗಲೇಬೇಕು ಎಂದು ಕಾನೂನು ಹೇಳಿತು. ಅಂದರೆ ಅವರನ್ನು ಕರೆಯುವುದು ಯಾವುದೋ ಒಳ್ಳೆ ಅಧಿಕಾರಿಯ ದೊಡ್ಡ ಮನಸ್ಸಿನ ಮೇಲೆ ನಿಂತಿರಲಿಲ್ಲ. ಆ ಅಧಿಕಾರಿ ವರ್ಗವಾಗಿ ಹೋದರೂ ಅವರ ಜಾಗ ಅಲ್ಲೇ ಇತ್ತು. 2018ರಲ್ಲಿ ತೆರೆದ ತೂರಂಗ ಎಂಬ ಅಲ್ಲಿನ ಕೇಂದ್ರ ಗ್ರಂಥಾಲಯ ಆ ಸಹಭಾಗಿತ್ವದಲ್ಲಿ ಬಂದದ್ದು. ಅದೇ ದೇಶದಲ್ಲಿ 2017ರಲ್ಲಿ ವಾಂಗನುಯಿ ನದಿಗೆ ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿಯ ಸ್ಥಾನ ಸಿಕ್ಕಿತು. ನದಿಯ ಪರವಾಗಿ ಮಾತನಾಡಲು ಇಬ್ಬರಿದ್ದಾರೆ, ಒಬ್ಬರು ಸರ್ಕಾರದ ಕಡೆಯವರು, ಇನ್ನೊಬ್ಬರು ಆ ನದಿಯ ಮಾವೋರಿಗಳ ಕಡೆಯವರು. ನದಿಗೆ ಸಂಬಂಧಿಸಿದ ತೀರ್ಮಾನ ಮಾಡುವವರು ಅದರ ಈ ಸ್ಥಾನವನ್ನು ಗಮನಕ್ಕೆ ತೆಗೆದುಕೊಳ್ಳಲೇಬೇಕು. ಇದರಿಂದ ಎಲ್ಲ ಸರಿಹೋಯಿತು ಅಂತಲ್ಲ. ಸರ್ಕಾರ ಬದಲಾದಂತೆ ಇಂಥ ಹಕ್ಕುಗಳ ಬಗ್ಗೆ ಅಲ್ಲೂ ಜಗಳ ನಡೆದೇ ಇದೆ. ಆದರೆ ಜಗಳ ಆಡಲು ಒಂದು ಕಾನೂನು ಕೈಯಲ್ಲಿದೆ.

ವಿಶ್ವಸಂಸ್ಥೆ 2007ರಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಮಾಡಿತು. 144 ದೇಶಗಳು ಒಪ್ಪಿದವು, 4 ದೇಶಗಳು ವಿರೋಧಿಸಿದವು. ಆ ನಾಲ್ಕು ಯಾವುವು ಅಂದರೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ. ನಂತರದ ವರ್ಷಗಳಲ್ಲಿ ನಾಲ್ಕೂ ನಿಲುವು ಬದಲಿಸಿದವು. ಆ ಘೋಷಣೆ ಹೇಳುವುದು ಸರಳ: ಅವರ ನೆಲದ ಮೇಲೆ ಏನಾದರೂ ಮಾಡುವ ಮುಂಚೆ, ಎಲ್ಲ ಮಾಹಿತಿ ಕೊಟ್ಟು, ಒತ್ತಡ ಹಾಕದೆ, ಅವರ ಒಪ್ಪಿಗೆ ಪಡೆಯಬೇಕು. ಮುಂಚೆ ಅನ್ನುವ ಮಾತಿನ ಕೆಳಗೆ ನೀವು ಕೆಂಪು ಗೆರೆ ಎಳೆದುಕೊಳ್ಳಿ.

‘ಯಾರನ್ನು ಕೇಳುವುದು? ಅವರಲ್ಲೇ ಒಬ್ಬರು ಬೇಕು ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ’ ಎಂಬ ತಕರಾರು ಖಂಡಿತ ಬರುತ್ತದೆ. ನಿಜ, ಅವರಲ್ಲೂ ಭಿನ್ನಾಭಿಪ್ರಾಯ ಇರುತ್ತದೆ. ಪಾಲಿಕೆಯ ಸಭೆಯಲ್ಲಿ ಇಲ್ಲವೇ? ಅಲ್ಲಿ ಅದಕ್ಕೆ ಪ್ರಜಾಪ್ರಭುತ್ವ ಅನ್ನುತ್ತೇವೆ, ಇಲ್ಲಿ ಮಾತ್ರ ಗೊಂದಲ ಅನ್ನುತ್ತೇವೆ. ಅವರ ಒಳಗಿನ ತೀರ್ಮಾನಕ್ಕೆ ಅವರದೇ ದಾರಿಗಳಿವೆ. ಅದಕ್ಕೆ ಸಮಯ ಹಿಡಿಯುತ್ತದೆ. ನಿಮ್ಮ ವೇಳಾಪಟ್ಟಿಯಲ್ಲಿ ಮಣ್ಣು ಪರೀಕ್ಷೆಗೆ ಸಮಯ ಇಡುವುದಿಲ್ಲವೇ, ಹಾಗೆಯೇ ಇದಕ್ಕೂ ಇಡಬೇಕು.

ಹಣದ ವಿಷಯ ಹೇಳಲು ನಮಗೆ ಯಾಕೋ ನಾಚಿಕೆ. ಸ್ಟ್ರಕ್ಚರಲ್ ಎಂಜಿನಿಯರಿಗೆ ಫೀಸು ಕೊಡುತ್ತೇವೆ, ಸರ್ವೆಯರಿಗೆ ಕೊಡುತ್ತೇವೆ. ಆ ನೆಲದ ನೀರು ಎಲ್ಲಿಂದ ಬರುತ್ತದೆ, ಯಾವ ಜಾಗ ಮುಟ್ಟಬಾರದು ಎಂದು ಹೇಳುವ ಹಿರಿಯರಿಗೆ ಮಾತ್ರ ಶಾಲು, ಹಾರ. ಅವರಿಗೂ ಫೀಸು ಕೊಡಿ. ಅವರು ಹೇಳಿದ್ದರಲ್ಲಿ ಎಲ್ಲವನ್ನೂ ಪ್ರಕಟಿಸುವ ಹಕ್ಕು ನಿಮಗೆ ಬಂದಿದೆ ಅಂದುಕೊಳ್ಳಬೇಡಿ. ಕೆಲವು ಕತೆ, ಕೆಲವು ಚಿತ್ರ, ಕೆಲವು ಜಾಗ ಹೊರಗಿನವರಿಗೆ ಹೇಳುವಂಥದ್ದಲ್ಲ. ಒಂದು ವಿನ್ಯಾಸ ಬಳಸಿಕೊಂಡರೆ ಅದು ಯಾರದು, ಎಲ್ಲಿಯವರೆಗೆ ಬಳಸಬಹುದು ಎಂದು ಕರಾರಿನಲ್ಲಿ ಬರೆಯಿರಿ.

ಕಾಲೇಜಿನವರಿಗೆ ಒಂದು ಮಾತು. ಮೂಲನಿವಾಸಿ ಮನೆಗಳನ್ನು ಒಂದು ಅತಿಥಿ ಉಪನ್ಯಾಸದಲ್ಲಿ ಮುಗಿಸುವುದನ್ನು ನಿಲ್ಲಿಸಿ. ಅದಕ್ಕಿಂತ ಮುಖ್ಯ, ಆ ಸಮುದಾಯದ ಮಕ್ಕಳನ್ನು ಆರ್ಕಿಟೆಕ್ಟ್ ಮಾಡಿ. ಕೆನಡಾದ ಗ್ಯಾಟಿನೊದಲ್ಲಿ 1989ರಲ್ಲಿ ತೆರೆದ ಇತಿಹಾಸ ವಸ್ತುಸಂಗ್ರಹಾಲಯವನ್ನು ವಿನ್ಯಾಸ ಮಾಡಿದವರು ಡಗ್ಲಸ್ ಕಾರ್ಡಿನಲ್, ಮೂಲನಿವಾಸಿ ಮನೆತನದವರು. ಅಲೆಯಂತೆ ಬಾಗಿದ ಗೋಡೆಗಳನ್ನು ಬರೆಯಲು ಕಂಪ್ಯೂಟರ್ ಬಳಸಿದ ಮೊದಮೊದಲಿಗರಲ್ಲಿ ಅವರೂ ಒಬ್ಬರು. 2018ರಲ್ಲಿ ವೆನಿಸ್ ಬಿಯೆನ್ನಾಲೆ ಎಂಬ ಅಂತಾರಾಷ್ಟ್ರೀಯ ವಾಸ್ತುಶಿಲ್ಪ ಮೇಳದಲ್ಲಿ ಕೆನಡಾದ ಪ್ರದರ್ಶನವನ್ನು ನಡೆಸಿದ್ದು ಅವರ ನೇತೃತ್ವದ ಮೂಲನಿವಾಸಿ ಆರ್ಕಿಟೆಕ್ಟ್‌ಗಳ ತಂಡ. ಇಂಥವರು ಹತ್ತಾರು ಜನ ಒಂದೊಂದು ಯೋಜನಾ ಕಚೇರಿಯಲ್ಲೂ ಇದ್ದಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ, ಅಲ್ವಾ?

ನಿಮ್ಮ ಉತ್ತರಕ್ಕೆ ಸುಲಭವಾಗಲಿ ಎಂದು ಮೂರೇ ಪ್ರಶ್ನೆ ಕೇಳುತ್ತೇನೆ. ಈಗ ನಿಮ್ಮ ಮೇಜಿನ ಮೇಲಿರುವ ಯೋಜನೆಯಲ್ಲಿ ಮೂಲನಿವಾಸಿಗಳ ಜೊತೆ ಮೊದಲ ಮಾತುಕತೆ ಆದದ್ದು ಯಾವ ತಾರೀಕು, ಪ್ಲಾನ್ ಬರೆಯಲು ಶುರು ಮಾಡಿದ್ದು ಯಾವ ತಾರೀಕು? ಬಜೆಟ್ಟಿನಲ್ಲಿ ಅವರ ಫೀಸು ಯಾವ ಸಾಲಿನಲ್ಲಿದೆ? ಅವರು ಬೇಡ ಅಂದರೆ ಯೋಜನೆ ನಿಲ್ಲುತ್ತದೆ ಎಂದು ಯಾವ ಕಾಗದದಲ್ಲಿ, ಯಾರ ಸಹಿಯೊಂದಿಗೆ ಬರೆದಿದೆ? ಉತ್ತರವನ್ನು ನನಗೆ ಕಳಿಸಬೇಕಿಲ್ಲ. ನಿಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಹಾಕಿ, ಆ ನೆಲದ ಜನ ಬಂದು ಓದಿಕೊಳ್ಳುತ್ತಾರೆ.

ಇಂತಿ,
ನಿಮ್ಮದೇ ವೃತ್ತಿಯ ಒಬ್ಬ ಆರ್ಕಿಟೆಕ್ಟ್